ಎರಡು ಬೋಗುಣಿ

ಬೆರಳನ್ನು ನಂಬಬಾರದು, ಬಿಸಿಗೆ ಬೇಗ ಒಗ್ಗಿಬಿಡುತ್ತದೆ.
ಮೊಣಕೈ ಅದ್ದಿ ನೋಡುತ್ತೇನೆ.
ಒಂದು ಬೋಗುಣಿ ಸೋಪಿಗೆ, ಇನ್ನೊಂದು ಬರೀ ನೀರಿಗೆ.
ಬೆನ್ನಡಿ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಹಳೆ ಟವೆಲು,
ಬಾಗಿಲ ಸಂದಿಗೆ ತುರುಕಿದ ಕಂಬಳಿ ಚೂರು.
"ಹದವಾಗಿಲ್ಲ" ಎನ್ನುತ್ತಾಳೆ ಬನೊವ್ಷಾ.
ನೀರಿನ್ನೂ ಅವಳನ್ನು ಮುಟ್ಟಿಯೇ ಇಲ್ಲ.

ತಿಬಿಲಿಸಿಯ ಗಂಧಕದ ಹಮಾಮಿನಲ್ಲಿ
ಮೂವತ್ತೆಂಟು ವರ್ಷ ಹೆಂಗಸರ ಬೆನ್ನುಜ್ಜಿದವಳು.
ನಾಳೆ ಮದುವೆಯಾಗುವವರು, ಟ್ರಾಮ್ ಓಡಿಸುವವರು,
ಹೆತ್ತು ನಲವತ್ತು ದಿನ ತುಂಬಿದವರು,
ಒಮ್ಮೆ ಯಾರೋ ಮಂತ್ರಿಯ ಹೆಂಡತಿ, ಕಚಗುಳಿ ತಾಳದೆ ಕಿರುಚಿದವಳು.
"ಮುಖ ಮರೆಯುತ್ತೇನೆ ಇಯಾ,
ಬೆನ್ನು ತೋರಿಸಿದರೆ ಹೆಸರು ಹೇಳುತ್ತೇನೆ."

ಈಗ ಬಲಗೈ ಬಲಗಾಲು ಅವಳ ಮಾತು ಕೇಳುವುದಿಲ್ಲ.
ಕಿಟಕಿಯಿಂದ ಹಮಾಮಿನ ಇಟ್ಟಿಗೆ ಗುಮ್ಮಟ ಕಾಣುತ್ತದೆ,
ಹೊಗೆಯಾಡುತ್ತದೆ ಬೆಳಗಿನಲ್ಲಿ.
ನಡೆದರೆ ಮುನ್ನೂರು ಹೆಜ್ಜೆ.
ಅದಕ್ಕೂ ಮೊದಲು ಐವತ್ತನಾಲ್ಕು ಮರದ ಮೆಟ್ಟಿಲು,
ಏಳನೆಯದು ಮುರಿದಿದೆ.

ಕಣ್ಣು ಮೊದಲು, ಮೂಗಿನ ಕಡೆಯಿಂದ ಕಿವಿಯ ಕಡೆಗೆ,
ಪ್ರತಿ ಕಣ್ಣಿಗೂ ಬಟ್ಟೆಯ ಹೊಸ ಮೂಲೆ.
ಆಮೇಲೆ ಕುತ್ತಿಗೆ. ಒಂದು ತೋಳು ತೆರೆ, ತೊಳೆ, ಒರೆಸು, ಮುಚ್ಚು,
ಆಮೇಲೇ ಇನ್ನೊಂದು.
ಮನುಷ್ಯರನ್ನು ಪೂರ್ತಿ ಬಿಚ್ಚಿಡಬಾರದು ಎಂದು
ತರಬೇತಿಯಲ್ಲಿ ಕಲಿಸಿದ್ದರು.
"ನಮ್ಮಲ್ಲಿ ಎಲ್ಲ ಬಿಚ್ಚಿಯೇ ಇರುತ್ತಿದ್ದರಲ್ಲ,
ಎಲ್ಲರೂ ಬಿಚ್ಚಿದಾಗ ಯಾರೂ ಬತ್ತಲೆಯಲ್ಲ.
ನೀನು ಅಂಗಿ ತೊಟ್ಟಿದ್ದೀಯ, ಅದೇ ತೊಂದರೆ."

ತೊಡೆಯ ಸಂದಿಗೆ ಬಂದಾಗ
ಬಟ್ಟೆ ಹಿಂಡಿ ಅವಳ ಎಡಗೈಗೆ ಕೊಟ್ಟು
ಗುಮ್ಮಟಗಳನ್ನು ಎಣಿಸುತ್ತಾ ನಿಲ್ಲುತ್ತೇನೆ.
ಆರೋ ಏಳೋ, ಪ್ರತಿ ಸಲ ತಪ್ಪುತ್ತದೆ.

ಮಗ್ಗುಲಿಗೆ ಹೊರಳಿಸಿದರೆ ಬೆನ್ನು:
ಅಗಲ, ಬೆಳ್ಳಗೆ, ಬಾಲ ನೇರವಿಲ್ಲದ ಒಂದು ಮಚ್ಚೆ.
ಇಷ್ಟು ಬೆನ್ನು ಕಂಡವಳು ಇದೊಂದನ್ನು ಕಂಡಿಲ್ಲ.
ಹೇಗಿದೆ ಎಂದು ಕೇಳುತ್ತಾಳೆ.
ಚೆನ್ನಾಗಿದೆ ಎಂದರೆ ಸಾಲದು,
ಯಾವ ಕಡೆ ಹೆಚ್ಚು ತೂಕ ಹೊತ್ತಿದೆ, ಎಲ್ಲಿ ಕೆಂಪಾಗಿದೆ,
ಒತ್ತಿದರೆ ಬಿಳುಪಾಗುತ್ತದೋ ಇಲ್ಲವೋ, ಎಲ್ಲ ಹೇಳಬೇಕು.
ಹೇಳುತ್ತೇನೆ. ಕೆಂಪು ಹೋಗಿದೆ. ಹುಣ್ಣಾಗಿಲ್ಲ.
"ಹಾಂ," ಎನ್ನುತ್ತಾಳೆ, ಕೂಲಿ ಎಣಿಸಿಕೊಂಡವರ ಹಾಗೆ.

ಹಟ ಹಿಡಿದಿದ್ದಳು, ಗಂಧಕದ ನೀರೇ ಬೇಕೆಂದು.
ಹೋದ ಶುಕ್ರವಾರ ಎರಡು ಬಾಟಲಿ ತುಂಬಿಸಿ
ಶಾಲಿನಲ್ಲಿ ಸುತ್ತಿ ಕೂಸಿನಂತೆ ಎದೆಗವಚಿ ತಂದೆ.
ಮೇಲೇರುವಷ್ಟರಲ್ಲಿ ಉಗುರುಬೆಚ್ಚಗೆ.
ಮುಚ್ಚಳ ತೆಗೆದದ್ದೇ ಕೊಳೆತ ಮೊಟ್ಟೆ ನಾತ ಕೋಣೆ ತುಂಬ.
ಅವಳು ಕಣ್ಣು ಮುಚ್ಚಿ ಉಸಿರೆಳೆದಳು,
ಬೇರೆಯವರು ಬ್ರೆಡ್ಡಿನ ಅಂಗಡಿಯ ಮುಂದೆ ಎಳೆಯುವ ಹಾಗೆ.

ಆಮೇಲೆ ದಿಂಬಿನಡಿಯಿಂದ ತೆಗೆದಳು
ಒರಟು ನೂಲಿನ ಕೈಗವಸು, ಹೆಬ್ಬೆರಳ ಬಳಿ ಸವೆದದ್ದು.
ಎಡಗೈಗೆ ಹಾಕಿಕೊಡು ಎಂದಳು. ಹಾಕಿದೆ.
"ತೋಳು ಮಡಿಸು."
ನನ್ನದೇ? ನನ್ನದೇ.
ಒದ್ದೆ ಮುಂಗೈ ಮೇಲೆ ಉದ್ದಕ್ಕೆ, ಒಂದೇ ದಿಕ್ಕಿಗೆ, ಬಿಗಿಯಾಗಿ,
ಎಡಗೈಗೆ ಅಭ್ಯಾಸವಿಲ್ಲ, ಆದರೂ ತಿಳಿದಿತ್ತು.
ಬೂದು ಬಣ್ಣದ ಸಣ್ಣ ಶಾವಿಗೆಗಳು ಹೊರಳಿ ಬಂದವು.
ದಿನಕ್ಕೆ ಐವರನ್ನು ಮೀಯಿಸುವ ನನ್ನ ಮೈಯಿಂದ!
"ನೋಡು," ಎಂದಳು,
"ಎಷ್ಟು ದಿನದಿಂದ ಹೊತ್ತುಕೊಂಡು ತಿರುಗುತ್ತಿದ್ದೀಯ."

ಅವಳ ಭಾಷೆಯಲ್ಲಿ ಅವಳ ಹೆಸರು,
ನನ್ನ ಭಾಷೆಯಲ್ಲಿ ನನ್ನ ಹೆಸರು,
ಎರಡೂ ಒಂದೇ ಪುಟ್ಟ ನೇರಳೆ ಹೂವಿನದು.
ಅದು ಗೊತ್ತಾದದ್ದೂ ಹೀಗೇ, ಕಾಲು ಒರೆಸುವಾಗ.

ಬೆರಳ ಸಂದಿ ಒಣಗಿಸಿ, ಮಡಿ ಅಂಗಿ ತೊಡಿಸಿ,
ಸೋತ ತೋಳು ಮೊದಲು, ಗಟ್ಟಿ ತೋಳು ಆಮೇಲೆ,
ಬೋಗುಣಿ ಹೊತ್ತು ಇಳಿಯುತ್ತೇನೆ. ಏಳನೆಯದನ್ನು ದಾಟಿ.
ಅಂಗಳದ ಮೋರಿಗೆ ಸುರಿದೆ.
ಕೆಳಮನೆಯ ಕಿಟಕಿ ದಡಾರನೆ ಮುಚ್ಚಿಕೊಂಡಿತು.
ಮೇಲಿನಿಂದ ಕೂಗು:
"ಮಂಗಳವಾರ ಇನ್ನೊಂದು ತೋಳು!"